ನಮ್ಮ ಮನೆ ಮಾರಿಯೋ ಸ್ವಲ್ಪ ನಿಧಾನ

ಕೆಲವು ತಿಂಗಳಿಂದ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿದೆ. ‘ಸರ್, ಇದೇ ಒರಿಜಿನಲ್ ಸ್ಪೀಡು.’ ಹೇಳಿದ್ದು ಒಬ್ಬ ಹುಡುಗ, ಸೂಪರ್ ಮಾರಿಯೋ ಅನ್ನೋ ಹಳೇ ವಿಡಿಯೋ ಗೇಮ್ ಬಗ್ಗೆ, ಕಾಮಿಕ್ಸ್ ಅಭಿಮಾನಿಗಳು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ. ಅವನೇನೂ ಕೊಂಕು ಆಡಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಆದರೆ ಆ ಮಾತು ಮೈಸೂರಿನವರೆಗೂ ನನ್ನ ಬೆನ್ನು ಹತ್ತಿಕೊಂಡು ಬಂತು. ಅಲ್ಲಿದ್ದದ್ದು ಒರಿಜಿನಲ್ ಅಂತಾದರೆ, ನಾನೂ ಅಕ್ಕನೂ ಚಾಮುಂಡಿಪುರಂನ ಮನೆಯಲ್ಲಿ ವರ್ಷಗಟ್ಟಲೆ ಆಡಿದ್ದು ಏನು?

ಕಾಮಿಕ್ ಕಾನ್‌ಗೆ ನಾನು ಹೋಗೋದು ಸೂಪರ್‌ಹೀರೋಗಳನ್ನು ನೋಡೋಕೆ ಅಲ್ಲ. ವೇಷ ಹಾಕೋ ವಯಸ್ಸು ದಾಟಿದೆ, ಹೊಟ್ಟೆಯೂ ಒಪ್ಪುವುದಿಲ್ಲ. 2012ರಲ್ಲಿ ಈ ಮೇಳ ಬೆಂಗಳೂರಿಗೆ ಬಂದಾಗ ಅದರಲ್ಲಿ ಕಾಮಿಕ್ಸ್ ಪುಸ್ತಕಗಳದ್ದೇ ದರ್ಬಾರು. ಈಗ ವಿಡಿಯೋ ಗೇಮ್‌ಗಳಿಗೂ ದೊಡ್ಡ ಜಾಗ ಕೊಡುತ್ತಾರೆ. ಅದರ ಯಾವುದೋ ಮೂಲೆಯಲ್ಲಿ ಹಳೇ ಗೇಮ್‌ಗಳ ಮೇಜು ಒಂದಿದ್ದರೆ ನನ್ನ ಟಿಕೆಟ್ ದುಡ್ಡು ವಸೂಲು. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಮೆಟ್ರೋ ಹಿಡಿದು, ವೈಟ್‌ಫೀಲ್ಡ್‌ನ ಕೆಟಿಪಿಓ ಪ್ರದರ್ಶನ ಕೇಂದ್ರ ಮುಟ್ಟುವ ಹೊತ್ತಿಗೆ ಹೊಟ್ಟೆ ಊಟ ಕೇಳುತ್ತಿರುತ್ತದೆ. ಊಟ ಬಿಟ್ಟು ಮೊದಲು ಮೇಜು ಹುಡುಕಿದೆ. ಇತ್ತು. ಕೆಂಪು ಬಿಳಿ ಬಣ್ಣದ ನಿಂಟೆಂಡೊ ಫ್ಯಾಮಿಕಾಮ್. 1983ರಲ್ಲಿ ಜಪಾನಿನಲ್ಲಿ ಬಂದ, ಟಿವಿಗೆ ಸಿಕ್ಕಿಸಿ ಆಡೋ ಗೇಮ್ ಪೆಟ್ಟಿಗೆ. ಪಕ್ಕದಲ್ಲಿ ಅದಕ್ಕೆ ತಕ್ಕ ಹಳೇ ಟ್ಯೂಬ್ ಟಿವಿ, ಅದೂ ಜಪಾನಿನದೇ. ಇವನ್ನೆಲ್ಲ ಹೊತ್ತು ತಂದಿದ್ದವನು ಮೀಸೆ ಈಗಷ್ಟೇ ಗಟ್ಟಿಯಾದ ಹುಡುಗ. ಅವನು ಹುಟ್ಟುವ ಮೊದಲೇ ಅಂಗಡಿಯಿಂದ ಮಾಯವಾದ ಮಷಿನ್‌ಗಳನ್ನು ಅವನು ಮುಟ್ಟುತ್ತಿದ್ದ ನಾಜೂಕು ನೋಡಿ ಖುಷಿಯಾಯಿತು.

ನನ್ನ ಸರದಿ ಬಂತು. ಸೂಪರ್ ಮಾರಿಯೋ ಬ್ರದರ್ಸ್, ಮೊದಲ ಹಂತ. ಕಣ್ಣು ಮುಚ್ಚಿ ಆಡುತ್ತೇನೆ ಅಂತ ನನ್ನ ಎಣಿಕೆ. ಎದುರಿಗೆ ನಡೆದು ಬರುವ ಆ ಮೊದಲ ಅಣಬೆಯ ಮೇಲೆ ಹಾರಬೇಕು. ಹಾರಿದೆ. ಹಾರೋದರೊಳಗೆ ಅದು ಬಂದು ಮುಟ್ಟಿತ್ತು. ಸರಿ, ಕೈ ಜಡ್ಡುಗಟ್ಟಿದೆ ಅಂದುಕೊಂಡೆ. ಮುಂದಿನ ಸಲ ಅಣಬೆ ದಾಟಿದೆ, ಕೊಳವೆ ದಾಟಿದೆ, ಗುಂಡಿಗೆ ಬಿದ್ದೆ. ಸಂಗೀತವೂ ಯಾಕೋ ಬೆನ್ನಟ್ಟಿಸಿಕೊಂಡ ಹಾಗೆ ಓಡುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದ ಶಾಲೆಯ ಹುಡುಗಿಯೊಬ್ಬಳು ಬಂದು ನಾನು ಬಿದ್ದ ಗುಂಡಿಯನ್ನು ನೋಡದ ಹಾಗೆ ಹಾರಿಹೋದಳು. ‘ಇದು ಸ್ವಲ್ಪ ಫಾಸ್ಟ್ ಇಟ್ಟಿದ್ದೀರಾ?’ ಅಂತ ಮೆಲ್ಲಗೆ ಕೇಳಿದೆ. ಆಗ ಬಂದದ್ದೇ ಮೇಲೆ ಬರೆದ ಉತ್ತರ.

ಅಕ್ಕನ ಕಿವಿ

ನಮ್ಮ ಮನೆಗೆ ಟಿವಿ ಗೇಮ್ ತಂದವರು ಚಿಕ್ಕಪ್ಪ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಕೊಂಡದ್ದು. ಡಬ್ಬದ ಮೇಲೆ ಯಾವುದೋ ಇಂಗ್ಲಿಷ್ ಹೆಸರು, ಒಳಗೆ ಎರಡು ರಿಮೋಟ್, ಒಂದು ಬಂದೂಕು, ಹಳದಿ ಕ್ಯಾಸೆಟ್. ಕ್ಯಾಸೆಟ್ ಮೇಲೆ 9999999 ಇನ್ 1 ಅಂತ ಅಚ್ಚಾಗಿತ್ತು. ಅಷ್ಟು ಗೇಮ್ ಎಲ್ಲಿಂದ ಬರಬೇಕು? ಇದ್ದದ್ದು ಹತ್ತೋ ಹನ್ನೆರಡೋ. ಅವೇ ತಿರುಗಿ ತಿರುಗಿ ಬರುತ್ತಿದ್ದವು. ಒಮ್ಮೆ ಮೊದಲ ಹಂತದಿಂದ ಶುರು, ಇನ್ನೊಮ್ಮೆ ಮೂರನೇ ಹಂತದಿಂದ, ಮತ್ತೊಮ್ಮೆ ಲೈಫ್ ಜಾಸ್ತಿ. ಆದರೂ ನಾವು ಪಟ್ಟಿಯ ಕೊನೆ ತನಕ ಹೋಗಿ ನೋಡಲೇಬೇಕು ಅಂತ ಒಂದು ಮಧ್ಯಾಹ್ನವಿಡೀ ಗುಂಡಿ ಒತ್ತಿದ್ದು ನೆನಪಿದೆ.

ದಸರಾ ರಜೆ ಬಂದರೆ ಬೀದಿಯ ಮಕ್ಕಳೆಲ್ಲ ನಮ್ಮ ನಡುಮನೆಯಲ್ಲಿ. ನಿಯಮ ಒಂದೇ, ಸತ್ತರೆ ರಿಮೋಟ್ ಪಕ್ಕದವರಿಗೆ. ಟಿವಿಯ ಆಂಟೆನಾ ತೂತಿಗೆ ಗೇಮಿನ ವೈರು ಸಿಕ್ಕಿಸಿ, ಚಾನೆಲ್ ಟ್ಯೂನ್ ಮಾಡೋ ಸಣ್ಣ ಚಕ್ರ ತಿರುಗಿಸಿ, ಚುಕ್ಕೆಗಳ ನಡುವೆ ಮಾರಿಯೋನ ಮುಖ ಕಾಣೋ ತನಕ ಉಸಿರು ಹಿಡಿದು ಕೂರೋದು. ಬರದಿದ್ದರೆ ಕ್ಯಾಸೆಟ್ ತೆಗೆದು ಊದೋದು. ಅಡಾಪ್ಟರ್ ಬಿಸಿಯಾದರೆ ಅಮ್ಮ ಬಂದು ಮುಟ್ಟಿ ನೋಡಿ ‘ಸಾಕು, ಆರಿಸ್ರೋ’ ಅನ್ನೋದು. ವಾರ್ತೆಯ ಹೊತ್ತಿಗೆ ಅಪ್ಪ ಬಂದರೆ ವೈರು ಕಳಚಲೇಬೇಕು. ಅಷ್ಟರಲ್ಲಿ ಯಾರಾದರೂ ಎಂಟನೇ ಲೋಕದ ಬಾಗಿಲಿಗೆ ಬಂದಿದ್ದರೆ ಅವರ ಹಣೆಬರಹ. ಅವತ್ತಿನ ಆಟ ಉಳಿಸಿಡೋ ವ್ಯವಸ್ಥೆ ಅದರಲ್ಲಿ ಇರಲಿಲ್ಲ.

ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವಳು ಅಕ್ಕ. ಅವಳು ಆಗ ವೀಣೆ ಕಲಿಯುತ್ತಿದ್ದಳು. ಮೇಷ್ಟ್ರು ಇನ್ನೂ ಬಂದಿಲ್ಲ ಅಂದರೆ ಮಾರಿಯೋ ಹಾಡನ್ನು ವೀಣೆಯಲ್ಲಿ ನುಡಿಸುತ್ತಿದ್ದಳು. ಬರೆದವರು ಕೋಜಿ ಕೊಂಡೋ ಅಂತ ಆಗ ಯಾರಿಗೆ ಗೊತ್ತು? ನೆಲದಡಿಯ ಹಂತದ ಆ ಗುಮ್ಮನ ಸಂಗೀತ ಅವಳಿಗೆ ತುಂಬಾ ಇಷ್ಟ. ಅಜ್ಜಿ ಒಳಗಿನಿಂದ ‘ಅದ್ಯಾವ ರಾಗ?’ ಅಂತ ಕೇಳಿದರೆ ‘ಜಪಾನಿ’ ಅನ್ನೋಳು.

ಕಾಮಿಕ್ ಕಾನ್‌ನಿಂದ ಬಂದ ಮೇಲೆ ಅಕ್ಕನ ಮನೆಗೆ ಹೋದೆ. ಅವಳಿರೋದು ಕುವೆಂಪುನಗರದಲ್ಲಿ. ನಡೆದದ್ದೇನೂ ಹೇಳಲಿಲ್ಲ. ಜಪಾನಿನ ಮಷಿನ್‌ನಿಂದ ರೆಕಾರ್ಡ್ ಮಾಡಿದ ವಿಡಿಯೋ ಒಂದನ್ನು ಫೋನ್‌ನಲ್ಲಿ ಹಾಕಿದೆ. ಅವಳು ಅಡುಗೆಮನೆಯಲ್ಲಿ ತೊಗರಿಬೇಳೆ ತೊಳೆಯುತ್ತಿದ್ದಳು. ಚಿತ್ರ ನೋಡಲೂ ಇಲ್ಲ. ‘ಶ್ರುತಿ ಹೆಚ್ಚುಕಡಿಮೆ ಅದೇ ಇದೆ. ಕಾಲಪ್ರಮಾಣ ಓಡ್ತಾ ಇದೆ ಕಣೋ’ ಅಂದಳು. ಕ್ಯಾಸೆಟ್ ಟೇಪು ಜೋರಾಗಿ ತಿರುಗಿದರೆ ಶ್ರುತಿಯೂ ಏರಬೇಕು ಅಲ್ವಾ? ಇಲ್ಲಿ ಅದು ಏರಿಲ್ಲ, ಲಯ ಮಾತ್ರ ಏರಿದೆ. ನನಗೆ ಕಾನ್‌ನಲ್ಲಿ ಕಂಡದ್ದು ಭ್ರಮೆ ಅಲ್ಲ ಅಂತ ಆಗ ಖಾತ್ರಿಯಾಯಿತು. ಆಮೇಲೆ ಓದುತ್ತಾ ಹೋದ ಹಾಗೆ ಅವಳ ಕಿವಿಗೆ ಎರಡು ಸಲ ಕೈಮುಗಿದೆ. ಅವಳು ಹೇಳಿದ್ದು ಅಕ್ಷರಶಃ ಸರಿ.

ಐವತ್ತು, ಅರವತ್ತು

ವಿಷಯ ಇಷ್ಟು. ಹಳೇ ಟಿವಿಗಳು ಚಿತ್ರವನ್ನು ಗೆರೆ ಗೆರೆಯಾಗಿ ಬರೆಯುತ್ತವೆ. ಜಪಾನ್, ಅಮೆರಿಕದ ಟಿವಿಯಲ್ಲಿ ಈ ಕೆಲಸ ಸೆಕೆಂಡಿಗೆ ಸುಮಾರು 60 ಸಲ ನಡೆಯುತ್ತದೆ. ನಮ್ಮದು ಪಾಲ್ ಪದ್ಧತಿ, 50 ಸಲ. ನಮ್ಮ ಮನೆಗೆ ಬರೋ ಕರೆಂಟೂ 50 ಹರ್ಟ್ಸ್. (ಜಪಾನಿನ ಕಥೆ ಇನ್ನೂ ತಮಾಷೆ. ಅರ್ಧ ದೇಶಕ್ಕೆ 50, ಅರ್ಧ ದೇಶಕ್ಕೆ 60. ಟಿವಿ ಮಾತ್ರ ಎಲ್ಲಾ ಕಡೆ 60.) ಆ ಕಾಲದ ಗೇಮ್ ಬರೆದವರು ಕಾಲವನ್ನು ಗಡಿಯಾರದಿಂದ ಅಳೆಯುತ್ತಿರಲಿಲ್ಲ, ಚಿತ್ರಗಳಿಂದ ಅಳೆಯುತ್ತಿದ್ದರು. ಒಂದು ಚಿತ್ರಕ್ಕೆ ಮಾರಿಯೋ ಇಷ್ಟು ಮುಂದೆ ಬರಬೇಕು, ಇಷ್ಟು ಚಿತ್ರ ಕಳೆದರೆ ಮುಂದಿನ ಸ್ವರ ಬರಬೇಕು, ಹೀಗೆ. ಅಂಥ ಗೇಮನ್ನು 50ರ ಟಿವಿಗೆ ಹಾಗೇ ತಂದಿಟ್ಟರೆ ಎಲ್ಲವೂ ಆರರಲ್ಲಿ ಐದು ಭಾಗ ವೇಗಕ್ಕೆ ಇಳಿಯುತ್ತದೆ. ಓಟ, ಹಾರಾಟ, ಅಣಬೆಯ ನಡಿಗೆ, ಹಾಡು, ಎಲ್ಲಾ.

ನಿಂಟೆಂಡೊ ಕಂಪನಿಗೆ ಇದು ಗೊತ್ತಿತ್ತು. ಯುರೋಪಿನಲ್ಲೂ 50ರ ಟಿವಿಯೇ. ಹಾಗಾಗಿ ಅಲ್ಲಿಗೆ ಕಳಿಸಿದ ಮಾರಿಯೋದಲ್ಲಿ ವೇಗದ ಅಂಕಿಗಳನ್ನು ತಿದ್ದಿದರು. ನಮಗೆ ಯಾರು ತಿದ್ದುತ್ತಾರೆ? ನಮ್ಮ ಡಬ್ಬ ನಿಂಟೆಂಡೊದೇ ಅಲ್ಲವಲ್ಲ. ಅದು ನಕಲು. ತೈವಾನಿನ ಯುಎಂಸಿ ಕಂಪನಿ ಫ್ಯಾಮಿಕಾಮ್‌ನ ಚಿಪ್‌ಗಳನ್ನು ತಾನೇ ಮಾಡಿ ಮಾರಿತು. 50ರ ಟಿವಿ ಇರುವ ದೇಶಗಳಿಗೆ ಅಂತ ಬೇರೆ ಚಿಪ್ ಮಾಡಿತು. ಅದನ್ನು ಮಾಡಿದ ಎಂಜಿನಿಯರ್ ಯಾರೋ, ಅವರ ಬುದ್ಧಿಗೆ ಮೆಚ್ಚಬೇಕು. 60ಕ್ಕೆ ಬರೆದ ಗೇಮ್‌ಗಳು ಕೆಡದೆ ಓಡಬೇಕು, ಚಿತ್ರ ನಮ್ಮ ಟಿವಿಯಲ್ಲಿ ನಿಲ್ಲಬೇಕು. ಜಪಾನಿನ ಮಷಿನ್ ಒಂದು ಚಿತ್ರಕ್ಕೆ 262 ಗೆರೆ ಎಣಿಸುತ್ತದೆ. ಇವರು ಅದನ್ನು 312 ಮಾಡಿದರು. ಹೆಚ್ಚಿನ 50 ಗೆರೆಗಳಲ್ಲಿ ಚಿತ್ರ ಬರೆಯೋದೇನೂ ಇಲ್ಲ. ಮಷಿನ್ ಸುಮ್ನೆ ಕಾಯುತ್ತದೆ. ಆದರೆ ಚಿಪ್ಪಿನ ಗಡಿಯಾರ ಹೆಚ್ಚುಕಡಿಮೆ ಹಳೆಯದೇ. ಅಲ್ಲಿ 1.79 ಮೆಗಾಹರ್ಟ್ಸ್, ಇಲ್ಲಿ 1.77. ಸ್ವರದ ಎತ್ತರ ಆ ಗಡಿಯಾರದಿಂದ ಬರುತ್ತದೆ, ಲಯ ಚಿತ್ರಗಳ ಎಣಿಕೆಯಿಂದ ಬರುತ್ತದೆ. ಆದ್ದರಿಂದ ಶ್ರುತಿ ನೂರಕ್ಕೆ ಒಂದರಷ್ಟೂ ಇಳಿಯಲಿಲ್ಲ, ಕಾಲಪ್ರಮಾಣ ಮಾತ್ರ ಇಳಿಯಿತು. ಬೇಳೆ ತೊಳೆಯುತ್ತಾ ಅಕ್ಕ ಕಂಡುಹಿಡಿದದ್ದು ಇದನ್ನೇ.

ಮೈಸೂರಿನವರೇ ನಿಧಾನ ಅಂತ ಬೆಂಗಳೂರಿನ ಗೆಳೆಯರು ಈಗಾಗಲೇ ನಗೆ ಶುರು ಮಾಡಿದ್ದಾರೆ. ಸ್ವಾಮಿ, ಅದೇ ಡಬ್ಬದಲ್ಲಿ ಆಡಿದ್ದರೆ ನಿಮ್ಮ ಮಲ್ಲೇಶ್ವರದ ಮಾರಿಯೋನೂ ಅಷ್ಟೇ ನಿಧಾನ.

ಇನ್ನೊಂದು ಮಾತೂ ಹೇಳಿಬಿಡಬೇಕು. ನಿಧಾನ ಅಂದರೆ ಸುಲಭ. ಹಾರೋಕೆ ಮುಂಚೆ ಯೋಚಿಸಲು ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ. ಬೀದಿಗೇ ಹೀರೋ ಆಗಿದ್ದ ನನ್ನ ಆಟಕ್ಕೆ ಆ ತೈವಾನಿನ ಎಂಜಿನಿಯರ್ ಕೈಯೂ ಸೇರಿತ್ತು. ಈಗ ಜಗತ್ತಿನಲ್ಲಿ ಮಾರಿಯೋವನ್ನು 4 ನಿಮಿಷ 55 ಸೆಕೆಂಡಿನೊಳಗೆ ಮುಗಿಸುವವರು ಇದ್ದಾರೆ. ಅವರ ವಿಡಿಯೋ ನೋಡಿದರೆ ನನಗೆ ಅದು ಬೇರೆ ಗೇಮ್ ಅನ್ನಿಸುತ್ತದೆ. ಒಂದು ರೀತಿಯಲ್ಲಿ ಬೇರೆಯೇ.

ಯಾರ ಮನೆ ನಿಯಮ?

ಹಾಗಾದರೆ ನಮ್ಮದು ತಪ್ಪು ಮಾರಿಯೋನಾ? ಕೆಲವು ದಿನ ಹಾಗೇ ಅನ್ನಿಸಿತು. ಆಮೇಲೆ ಚೌಕಾಬಾರ ನೆನಪಾಯಿತು. ಕವಡೆ ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಇಷ್ಟು ಎಲ್ಲರಿಗೂ ಒಂದೇ. ಅದರಾಚೆ ಮನೆಗೊಂದು ಕಾನೂನು. ನಮ್ಮ ಅಜ್ಜಿ ಮನೆಯಲ್ಲಿ ಒಂದು ಕಾಯಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಚಿಕ್ಕಮ್ಮನ ತವರಿನಲ್ಲಿ ಆ ತಕರಾರೇ ಇಲ್ಲ. ಕೆಲವರು ಐದು ಮನೆ ಗೆರೆ ಹಾಕುತ್ತಾರೆ, ಕೆಲವರು ಏಳು. ಜೋಡಿ ಕಾಯಿ ಕಡಿಯಬಹುದೋ ಬಾರದೋ ಅನ್ನುವುದಕ್ಕೆ ಮದುವೆ ಮನೆಗಳಲ್ಲಿ ಮಾತು ಬಿಟ್ಟವರಿದ್ದಾರೆ. ಆದರೆ ಆಟ ಶುರುವಾಗುವ ಮೊದಲು ‘ಯಾರ ಮನೆ ನಿಯಮ?’ ಅಂತ ಕೇಳಿ, ಒಪ್ಪಿಕೊಂಡು ಕೂರುತ್ತಾರೆ. ಅಜ್ಜಿಗೆ ಯಾರಾದರೂ ಒರಿಜಿನಲ್ ಚೌಕಾಬಾರ ಯಾವುದು ಅಂತ ಕೇಳಿದ್ದರೆ ಎಲೆ ಅಡಿಕೆ ಮೆಲ್ಲುತ್ತಾ ‘ನಮ್ಮದೇ’ ಅಂದಿರೋಳು.

ನಮ್ಮ ಊರಿನಲ್ಲೇ ಆಟಗಳ ಜಾತ್ರೆ ಅನ್ನಬಹುದಾದ್ದು ಒಂದಿದೆ, ಕಾಮಿಕ್ ಕಾನ್‌ಗಿಂತ ಹಳೆಯದು. ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಮೃಗಾಲಯದ ಹತ್ತಿರದ ಪ್ರತಿಮಾ ಗ್ಯಾಲರಿಯಲ್ಲಿ ನಡೆಸುವ ಕ್ರೀಡಾ ಕೌಶಲ್ಯ. ಪಗಡೆ, ಅಳಗುಳಿ ಮಣೆ, ಆಡುಹುಲಿ, ಚೌಕಾಬಾರ, ಎಲ್ಲದರ ಹಾಸು, ಕಾಯಿ, ದಾಳ. ಕಾಮಿಕ್ ಕಾನ್‌ನ ಗದ್ದಲಕ್ಕೆ ಹೋಲಿಸಿದರೆ ಇಲ್ಲಿ ಜನ ಕಡಿಮೆ. ಆದರೆ ಬಂದವರು ಹಾಸಿನ ಮುಂದೆ ನಿಂತು ‘ನಾವು ಹೀಗೆ ಆಡ್ತಿದ್ವಿ’ ಅಂತ ಜಗಳ ತೆಗೆಯುತ್ತಾರೆ. ನನಗೆ ಬೇಕಾದದ್ದು ಆ ಜಗಳವೇ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರಿಗೂ ಆಟದ ಹುಚ್ಚು ಚೆನ್ನಾಗಿಯೇ ಇತ್ತು. ಚದುರಂಗದ ಕುದುರೆ ಎಲ್ಲಾ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಬಿಡಿಸುತ್ತಿದ್ದರು. ಗಂಜೀಫಾ ಅನ್ನೋ ಇಸ್ಪೀಟಿನಂಥ ಎಲೆಗಳಿಗೆ ತಾವೇ ಹೊಸ ಹೊಸ ಆಟ ಕಟ್ಟಿದರು. ಕೆಲವಕ್ಕೆ 18 ಬಣ್ಣದ ಎಲೆಗಳು ಬೇಕು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಇವುಗಳ ವಿವರ ಇದೆ. ಈಗ ಗಂಜೀಫಾ ಅಂದರೆ ಗೋಡೆಗೆ ಹಾಕೋ ಚಿತ್ರ. ಶ್ರೀರಂಗಪಟ್ಟಣದ ಕಡೆ ಇಂದಿಗೂ ಅದರ ಚಿತ್ರ ಬರೆಯುವ ಕಲಾವಿದರಿದ್ದಾರೆ, ತುಂಬಾ ಸೊಗಸಾಗಿ ಬರೆಯುತ್ತಾರೆ. ಆದರೆ ನಾಲ್ಕು ಜನ ಚಾಪೆ ಮೇಲೆ ಕೂತು ಆ ಎಲೆಗಳನ್ನು ಎಸೆದು ಆಡಿ, ಸೋತವರು ಮುಖ ಊದಿಸಿಕೊಂಡದ್ದನ್ನು ನಾನು ನೋಡಿಲ್ಲ. ಎಲೆ ಉಳಿದಿದೆ, ನಿಯಮವೂ ಪುಸ್ತಕದಲ್ಲಿದೆ. ಆಡುತ್ತಿದ್ದ ರೀತಿ ಮಾತ್ರ ಇಲ್ಲ.

ವಿಡಿಯೋ ಗೇಮ್‌ಗೂ ಇದೇ ಗತಿ ಬೇಗ ಬರುತ್ತಿದೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ನೋಡಿತು. ಅಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ ನೂರಕ್ಕೆ 87 ಈಗ ಕೊಳ್ಳಲು ಸಿಗುವುದಿಲ್ಲ. ಅದು ಕಂಪನಿ ಹೆಸರಿದ್ದ, ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರಿದ ಗೇಮ್‌ಗಳ ಕಥೆ. ನಮ್ಮ ಹಳದಿ ಕ್ಯಾಸೆಟ್‌ಗಳು ಆ ಲೆಕ್ಕದ ಹತ್ತಿರವೂ ಸುಳಿಯುವುದಿಲ್ಲ. ಮತ್ತೆ ಬಂದೂಕು. ಬಾತುಕೋಳಿ ಹೊಡೆಯೋ ಡಕ್ ಹಂಟ್ ನೆನಪಿರಬೇಕು. ಬಂದೂಕಿನಿಂದ ಟಿವಿಗೆ ಏನೂ ಹೋಗುತ್ತಿರಲಿಲ್ಲ, ಟಿವಿಯಿಂದಲೇ ಬೆಳಕು ಬಂದೂಕಿನೊಳಗೆ ಬರುತ್ತಿತ್ತು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಕಣ್ಣಿಗೆ ಮೊದಲು ಕತ್ತಲು, ನಂತರ ಬೆಳಕು ಕಂಡರೆ ಏಟು ಬಿತ್ತು ಅಂತ ಲೆಕ್ಕ. ಈಗಿನ ಎಲ್‌ಇಡಿ ಟಿವಿ ಚಿತ್ರ ತೋರಿಸೋದು ಬೇರೆ ರೀತಿ, ತೋರಿಸೋದೂ ಸ್ವಲ್ಪ ತಡ. ಹಾಗಾಗಿ ಬಂದೂಕು ಕುರುಡು. ಗೇಮ್ ಇದೆ, ಬಂದೂಕು ಇದೆ, ಗುಜರಿಗೆ ಹೋದ ಟಿವಿ ಇಲ್ಲದೆ ಎರಡೂ ದಂಡ.

ಡೆಂಡಿ

ನಾನು ಹಳೇ ಟಿವಿ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ವೆಬ್‌ಸೈಟ್ ನಡೆಸುತ್ತೇನೆ. ಕ್ಯಾಸೆಟ್ ಚೀಟಿಗಳ ಫೋಟೋ, ಯಾವುದರಲ್ಲಿ ಯಾವ ಗೇಮ್ ಇತ್ತು ಅನ್ನೋ ಪಟ್ಟಿ, ಅಷ್ಟೇ. ವರ್ಷಕ್ಕೊಮ್ಮೆ ಹೆಸರಿನ ಬಾಡಿಗೆ ಕಟ್ಟುವಾಗ ಹೆಂಡತಿ ‘ಇದರಿಂದ ಏನ್ ಬರುತ್ತೆ?’ ಅಂತ ಕೇಳುತ್ತಾಳೆ. ಏನೂ ಬರೋದಿಲ್ಲ. ಇಷ್ಟು ದಿನ ಅದರಲ್ಲಿ ವೇಗದ ಬಗ್ಗೆ ಒಂದು ಸಾಲೂ ಇರಲಿಲ್ಲ. ಈ ಗಲಾಟೆಯಾದ ಮೇಲೆ ಎಮ್ಯುಲೇಟರ್‌ಗಳ ಸೆಟ್ಟಿಂಗ್ ಕೆದಕುತ್ತಾ ಕೂತೆ. ಹಳೇ ಮಷಿನ್‌ಗಳನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ ಇವು. ಮೆಸೆನ್ ಅನ್ನೋದರಲ್ಲಿ ಪ್ರದೇಶ ಆರಿಸುವ ಜಾಗದಲ್ಲಿ ಎನ್‌ಟಿಎಸ್‌ಸಿ (ಜಪಾನ್, ಅಮೆರಿಕದ 60ರ ಪದ್ಧತಿ) ಇತ್ತು, ಪಾಲ್ ಇತ್ತು. ಮೂರನೆಯದು ಡೆಂಡಿ.

ಡೆಂಡಿ ರಷ್ಯಾದ ಟಿವಿ ಗೇಮ್. 1992ರ ಕೊನೆಯಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ನಮ್ಮ ಡಬ್ಬದ ಹಾಗೆಯೇ ನಕಲು, 50ರ ಟಿವಿಗೆ ಹೊಂದಿಸಿದ ಅದೇ ಪದ್ಧತಿ. ಒಂದು ಇಡೀ ಪೀಳಿಗೆ ಅದರಲ್ಲೇ ಆಡಿ ಬೆಳೆಯಿತು. ಅವರು ದೊಡ್ಡವರಾದ ಮೇಲೆ ನಾಚಿಕೊಂಡು ಕೂರಲಿಲ್ಲ. ನಾವು ಆಡಿದ್ದು ಹೀಗೆ ಅಂತ ಪಟ್ಟುಹಿಡಿದು ಗೆರೆ ಗೆರೆ ಅಳೆದು ದಾಖಲು ಮಾಡಿದರು. ಇವತ್ತು ಎಮ್ಯುಲೇಟರ್ ಬರೆಯುವವರೂ ಆ ಹೆಸರನ್ನು ಜಪಾನ್ ಯುರೋಪಿನ ಪಕ್ಕ ಒಂದು ಪ್ರದೇಶದ ಹಾಗೆ ಇಡುತ್ತಾರೆ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲೂ ಆಡಿದವರೇನು ಕಡಿಮೆಯೇ? ಅಳೆದವರು ಇರಲಿಲ್ಲ ಅಷ್ಟೇ.

ಡೆಂಡಿ ಆರಿಸಿ ಮಾರಿಯೋ ಹಾಕಿದೆ. ಹಾಡು ಶುರುವಾಗುತ್ತಲೇ ಗೊತ್ತಾಯಿತು. ಅಣಬೆ ಬಂತು, ಹಾರಿದೆ, ಮೆಟ್ಟಿದೆ. ಗುಂಡಿ ಬಂತು, ಹೆಬ್ಬೆರಳು ತಾನಾಗೇ ಒತ್ತಿತು. ಅಕ್ಕನನ್ನು ಕರೆದೆ. ಅವಳು ಕನ್ನಡಕ ಏರಿಸಿಕೊಂಡು ಕೂತು ಮೊದಲ ಲೋಕ ಮುಗಿಸಿ, ‘ಈಗ ಸರಿಯಾಗಿದೆ, ಯಾರು ರಿಪೇರಿ ಮಾಡಿದ್ದು?’ ಅಂದಳು. ರಷ್ಯಾದವರು ಅಂದೆ. ಅವಳು ಅದನ್ನು ನಂಬಲೂ ಇಲ್ಲ, ರಿಮೋಟ್ ಬಿಡಲೂ ಇಲ್ಲ.

ಈಗ ವೆಬ್‌ಸೈಟ್‌ನಲ್ಲಿ ಪ್ರತಿ ಡಬ್ಬದ ಫೋಟೋ ಜೊತೆ ವೇಗದ ಅಂಕಣವನ್ನೂ ಸೇರಿಸುತ್ತಿದ್ದೇನೆ. ಅಂಗಡಿಯಲ್ಲಿ ಈಗ ಹೊಸದಾಗಿ ಸಿಗುವ ಎಚ್‌ಡಿಎಂಐ ವೈರಿನ ಟಿವಿ ಗೇಮ್‌ಗಳು ನಾನು ನೋಡಿದ ಮಟ್ಟಿಗೆ 60ರವೇ. ಹಾಗಾಗಿ ಹಳೆಯವು ಬೇಕು. ಮಂಡಿ ಮೊಹಲ್ಲಾದ ಗುಜರಿಯವರು ನನ್ನನ್ನು ಕಂಡರೆ ಈಗ ಬೆಲೆ ಏರಿಸುತ್ತಾರೆ. ನಿಮ್ಮ ಅಟ್ಟದ ಮೇಲೂ ಒಂದು ಡಬ್ಬ ಇರಬಹುದು. ಎಸೆಯೋ ಮುಂಚೆ ಸ್ಕ್ರೂ ಬಿಚ್ಚಿ ನೋಡಿ. ದೊಡ್ಡ ಚಿಪ್ ಮೇಲೆ ಯುಎ 6527 ಅಂತಿದ್ದು ಕೊನೆಯಲ್ಲಿ ಪಿ ಇದ್ದರೆ ಅದು 50ರದ್ದು, ಪಿ ಇಲ್ಲದಿದ್ದರೆ 60ರದ್ದು. ಎಷ್ಟೋ ಡಬ್ಬಗಳಲ್ಲಿ ಚಿಪ್ ಜಾಗದಲ್ಲಿ ಬರೀ ಕರೀ ಅಂಟಿನ ಉಂಡೆ ಇರುತ್ತದೆ, ನಂಬರ್ ಕಾಣುವುದಿಲ್ಲ. ಅದಕ್ಕೂ ದಾರಿ ಇದೆ. ಮಾರಿಯೋ ಮೊದಲ ಹಂತ ಶುರು ಮಾಡಿ ರಿಮೋಟ್ ಕೆಳಗಿಡಿ. ಮಾರಿಯೋ ನಿಂತಲ್ಲೇ ನಿಂತಿರಲಿ, ಮುಂದೆ ಹೋಗದಿದ್ದರೆ ಅಣಬೆಯೂ ಬರುವುದಿಲ್ಲ. ಮೇಲಿನ 400ರ ಎಣಿಕೆ 24 ಚಿತ್ರಕ್ಕೆ ಒಂದರಂತೆ ಇಳಿಯುತ್ತದೆ. ಕೈಗಡಿಯಾರ ಹಿಡಿದು ನೋಡಿ. ಸುಮಾರು 2 ನಿಮಿಷ 40 ಸೆಕೆಂಡಿಗೆ ಸೊನ್ನೆಯಾದರೆ ಬೆಂಗಳೂರಿನ ಆ ಹುಡುಗನ ಮಾರಿಯೋ. 3 ನಿಮಿಷ 12 ಸೆಕೆಂಡ್ ಹಿಡಿದರೆ ನಮ್ಮದು. ಯಾವುದೇ ಬಂದರೂ ಡಬ್ಬದ ಹೆಸರು, ಬಣ್ಣ, ಕೊಂಡ ಊರು ಬರೆದಿಟ್ಟುಕೊಳ್ಳಿ.